ನಸುಕಿನ ಮೂರರ ಲೋಕಲ್

ಜನವರಿಯ ಮೂರನೆಯ ಭಾನುವಾರ, ನಸುಕಿನ ಮೂರು ಗಂಟೆಗೆ, ಕಲ್ಯಾಣದಿಂದ ಒಂದು ಲೋಕಲ್ ಹೊರಡುತ್ತದೆ. ದಿನನಿತ್ಯದ ವೇಳಾಪಟ್ಟಿಯಲ್ಲಿ ಅದು ಇಲ್ಲ. ಹತ್ತು ನಿಮಿಷಕ್ಕೆ ಪನವೇಲಿನಿಂದ ಇನ್ನೊಂದು. ಎರಡೂ ನಾಲ್ಕೂವರೆಯ ಹೊತ್ತಿಗೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಸೇರುತ್ತವೆ. ಅತ್ತ ಪಶ್ಚಿಮ ರೈಲ್ವೆಯೂ ವಿರಾರ್, ಬೋರಿವಲಿ ಕಡೆಯಿಂದ ಚರ್ಚ್‌ಗೇಟಿಗೆ ಹೀಗೇ ಗಾಡಿ ಬಿಡುತ್ತದೆ. ಮುಂಬೈ ಮ್ಯಾರಥಾನಿಗೆ ಓಡಲು ಬರುವವರಿಗಾಗಿ ಈಚಿನ ವರ್ಷಗಳಲ್ಲಿ ನಡೆದುಬಂದಿರುವ ಏರ್ಪಾಡು ಇದು.

ಅದರ ಅಗತ್ಯ ಈ ಊರಿನ ಆಕಾರದಿಂದಲೇ ಬಂದದ್ದು. ಮುಂಬೈ ಉದ್ದನೆಯ ಊರು. ಮಲಗುವುದು ಉತ್ತರದಲ್ಲಿ, ದುಡಿಯುವುದು ದಕ್ಷಿಣದಲ್ಲಿ. 2004ರ ಫೆಬ್ರವರಿ 15ರಂದು ಮೊದಲ ಬಾರಿಗೆ ನಡೆದ ಮ್ಯಾರಥಾನ್ ಕೂಡ ದಕ್ಷಿಣವನ್ನೇ ಹಿಡಿಯಿತು. ಈಗ ಪೂರ್ಣ ಓಟ ಟರ್ಮಿನಸ್ಸಿನ ಎದುರಿನಿಂದ ಶುರುವಾದರೆ, ಅರ್ಧ ಮ್ಯಾರಥಾನ್ ಮಾಹಿಮಿನ ರೇತಿ ಬಂದರಿನಿಂದ. ಎರಡೂ ಸೂರ್ಯ ಹುಟ್ಟುವುದಕ್ಕೆ ಬಹಳ ಮುಂಚೆ. ಇಳಿಯುವ ಜಾಗಗಳು ಬೇರೆಬೇರೆಯಾದ್ದರಿಂದ ಗಾಡಿ ಎಲ್ಲ ಕಡೆ ನಿಲ್ಲುವ ಸ್ಲೋ ಲೋಕಲೇ ಆಗಬೇಕು. ಕಲ್ಯಾಣದವನು ನಲವತ್ತೆರಡು ಕಿಲೋಮೀಟರ್ ಓಡುವ ಮೊದಲು ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಕೂತು ಬರುತ್ತಾನೆ. ಮುಂಬೈ ಲೋಕಲಿನಲ್ಲಿ ಅಷ್ಟು ದೂರ ಕೂತು ಬರುವುದೇ ಒಂದು ಬಹುಮಾನ ಎನ್ನುವವರೂ ಇದ್ದಾರೆ!

ರೈಲ್ವೆಗೆ ಇದು ಸಣ್ಣ ಉಪಕಾರವಲ್ಲ. ರಾತ್ರಿಯ ಕಡೆಯ ಲೋಕಲ್ ಹೋದ ಮೇಲೆ ಬೆಳಗಿನ ಮೊದಲ ಲೋಕಲ್ ಬರುವವರೆಗೆ ಸಿಗುವುದು ಎರಡು ಮೂರು ತಾಸು. ಹಳಿ, ತಂತಿ, ಸಿಗ್ನಲ್ಲುಗಳ ದಿನದ ದುರಸ್ತಿ ಅಷ್ಟರಲ್ಲೇ ಮುಗಿಯಬೇಕು. ಉಳಿದದ್ದಕ್ಕೆ ಭಾನುವಾರದ ಮೆಗಾಬ್ಲಾಕ್. ಆ ತಾಸುಗಳ ನಡುವೆ ಒಂದು ಗಾಡಿ ತೂರಿಸುವುದೆಂದರೆ ಸಿಗ್ನಲ್ ಕ್ಯಾಬಿನ್ನಿನಿಂದ ಗ್ಯಾಂಗ್‌ಮನ್ ತನಕ ಎಲ್ಲರ ರಾತ್ರಿಯ ಲೆಕ್ಕ ಬದಲಾಗುತ್ತದೆ.

ಇಷ್ಟು ಶ್ರಮಪಟ್ಟು ಓಡಿಸಿದ ಗಾಡಿಯ ಗುರುತು ಏನು ಉಳಿಯುತ್ತದೆ? ಒಂದು ಪ್ರಕಟಣೆ, ಮರುದಿನದ ಪತ್ರಿಕೆಯಲ್ಲಿ ಎರಡು ಸಾಲು. ಆದ್ದರಿಂದಲೇ ಇಲ್ಲಿ ಕ್ಯಾಮೆರಾಕ್ಕೆ ಕೆಲಸವಿದೆ ಎನ್ನುವುದು ನನ್ನ ವಾದ.

ಮುಂಬೈ ರೈಲಿನ ಹೆಸರಾಂತ ಚಿತ್ರಗಳನ್ನು ನೆನೆಯಿರಿ. 1995ರಲ್ಲಿ ರಘು ರಾಯ್ ಚರ್ಚ್‌ಗೇಟಿನಲ್ಲಿ ತೆಗೆದದ್ದು: ಸುತ್ತ ಜನ ಹೊಗೆಯಂತೆ ಕಲಸಿಹೋಗಿದ್ದಾರೆ, ನಡುವೆ ಪತ್ರಿಕೆ ಓದುತ್ತ ಅಲುಗಾಡದೆ ನಿಂತವರು ಮಾತ್ರ ಸ್ಪಷ್ಟ. ಅದೇ ವರ್ಷ, ಅದೇ ನಿಲ್ದಾಣದಲ್ಲಿ ಬ್ರೆಜಿಲಿನ ಸೆಬಾಸ್ಟಿಯಾವೊ ಸಾಲ್ಗಾಡೊ ಮೇಲಿನಿಂದ ಕಂಡದ್ದು: ಎರಡು ಗಾಡಿಗಳ ನಡುವೆ ನೀರಿನಂತೆ ಹರಿಯುವ ಜನ. ಇಬ್ಬರೂ ಶಟರನ್ನು ನಿಧಾನ ಮಾಡಿ ನೂಕುನುಗ್ಗಲನ್ನು ಹರಿವಾಗಿ ಬದಲಿಸಿದರು. ಆ ಮೇಲೆ ಮುಂಬೈ ಲೋಕಲ್ ಎಂದರೆ ನಮ್ಮ ಕಣ್ಣಿಗೆ ಅದೇ ಆಗಿಹೋಯಿತು. ಮ್ಯಾರಥಾನಿನ ಲೋಕಲ್ ಆ ಚೌಕಟ್ಟಿಗೆ ಒಗ್ಗುವುದಿಲ್ಲ. ಇಲ್ಲಿ ನುಗ್ಗಾಟ ಇಲ್ಲ, ಕಚೇರಿಯ ಹಾಜರಿಯ ಆತಂಕ ಇಲ್ಲ. ನೋವಿನ ಮುಲಾಮಿನ ವಾಸನೆ, ಬಾಳೆಹಣ್ಣು, ಮತ್ತೆ ಮತ್ತೆ ಬಿಚ್ಚಿ ಕಟ್ಟುವ ಬೂಟಿನ ದಾರ, ಎದೆಯ ಮೇಲೆ ನಾಲ್ಕು ಪಿನ್ನು ಚುಚ್ಚಿದ ನಂಬರು. ಕೆಲವರ ಅಂಗಿಯ ಮೇಲೆ ತಾವು ಯಾರಿಗಾಗಿ ಹಣ ಕೂಡಿಸಿದ್ದಾರೋ ಆ ಸಂಸ್ಥೆಯ ಹೆಸರು. ಈ ಓಟದ ದಾನದ ವ್ಯವಹಾರವನ್ನು ನೋಡಿಕೊಳ್ಳುವುದು ಯುನೈಟೆಡ್ ವೇ ಮುಂಬೈ. ಓಟಗಾರರು ನೆಂಟರಿಷ್ಟರು, ಸಹೋದ್ಯೋಗಿಗಳ ಬಳಿ ಕೇಳಿ ತಂದ ಹಣ ಬೇರೆಬೇರೆ ಸೇವಾಸಂಸ್ಥೆಗಳಿಗೆ ಹೋಗುತ್ತದೆ. ಅಂಗಿಯ ಮೇಲಿನ ಆ ಹೆಸರು ಚಿತ್ರದಲ್ಲಿ ಓದುವಂತಿರಬೇಕು. ಇಲ್ಲದಿದ್ದರೆ ಅದು ಬರೀ ನಿದ್ದೆಗಣ್ಣಿನ ಪ್ರಯಾಣಿಕರ ಚಿತ್ರ.

ಹೊರಗಿನಿಂದ ತೆಗೆಯುವುದು ಇನ್ನೂ ಕಷ್ಟ. ಗಾಡಿ ದಿನದ ಗಾಡಿಯೇ. ಮುಖದ ಮೇಲಿನ ಫಲಕದಲ್ಲಿ ಹೋಗುವ ಊರಿನ ಗುರುತು, ಪಕ್ಕದಲ್ಲಿ ಸ್ಲೋ ಎನ್ನಲು ಎಸ್, ಫಾಸ್ಟ್ ಎನ್ನಲು ಎಫ್. ಆ ದೀಪದ ಅಕ್ಷರಗಳು ನಮ್ಮ ಕಣ್ಣಿಗೆ ಒಂದೇ ಸಮ ಉರಿಯುವಂತೆ ಕಂಡರೂ ಸಾಲುಸಾಲಾಗಿ ಹೊತ್ತಿ ಆರುತ್ತಿರುತ್ತವೆ. ಶಟರ್ ತೀರ ವೇಗವಾಗಿದ್ದರೆ ಅರ್ಧ ಅಕ್ಷರ ಮಾಯ. ನಿಧಾನ ಮಾಡಿದರೆ ಅಕ್ಷರ ಉಳಿಯುತ್ತದೆ, ಓಡುವ ಗಾಡಿ ಕಲಸಿಹೋಗುತ್ತದೆ. ಹಾಗಾಗಿ ಗಾಡಿ ನಿಂತಾಗಲೇ ತೆಗೆಯಬೇಕು. ಲೋಕಲ್ ನಿಲ್ಲುವುದಾದರೂ ಅರ್ಧ ನಿಮಿಷ. ಫ್ಲ್ಯಾಶ್ ಹಾಕುವಂತಿಲ್ಲ, ಕತ್ತಲಲ್ಲಿ ಮೋಟರ್‌ಮನ್‌ನ ಕಣ್ಣು ಕುಕ್ಕುತ್ತದೆ. ಒಳ್ಳೆಯ ಕೋನ ಸಿಗಲೆಂದು ಹಳಿಗೆ ಇಳಿದರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಇದೆ, ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ. ಅದಕ್ಕಿಂತ ಮೊದಲು ಜೀವ ಇದೆ.

ನನ್ನ ಮಟ್ಟಿಗೆ ಇದಕ್ಕೆ ಉಪಾಯ ಒಂದೇ. ಗಾಡಿಯನ್ನಷ್ಟೇ ಹಿಡಿಯದೆ ಪ್ಲಾಟ್‌ಫಾರ್ಮಿನ ಇಂಡಿಕೇಟರನ್ನೂ ಚೌಕಟ್ಟಿನೊಳಗೆ ತರುವುದು. ಮೂರು ಗಂಟೆ ಎಂದು ತೋರಿಸುವ ಗಡಿಯಾರ, ಅದರಡಿ ಬಾಗಿಲು ತುಂಬ ನಂಬರು ಹೊತ್ತ ಜನ. ಬೇರಾವ ದಿನವೂ ಆ ಎರಡು ಒಟ್ಟಿಗೆ ಸಿಗಲಾರವು. ಚಿತ್ರ ಸುಂದರವಾಗದೆ ಹೋಗಬಹುದು, ಸಾಕ್ಷಿಯಂತೂ ಆಗುತ್ತದೆ.

ಈ ಊರಿನ ವಿಶೇಷ ಗಾಡಿಗಳ ಕಥೆ ಹಳೆಯದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೋದ ದೇಶದ ಮೊದಲ ಪ್ರಯಾಣಿಕರ ಗಾಡಿಯೂ ಒಂದು ವಿಶೇಷವೇ: ಹದಿನಾಲ್ಕು ಬೋಗಿ, ಮೂರು ಎಂಜಿನ್, ಸುಮಾರು ನಾನೂರು ಆಹ್ವಾನಿತರು, 21 ತೋಪಿನ ಮರ್ಯಾದೆ. ಮ್ಯಾರಥಾನಿನ ಮಂದಿ ಇಳಿಯುವುದು ಅದೇ ಬೋರಿಬಂದರಿನ ಬಳಿ ಎದ್ದ ಟರ್ಮಿನಸ್ಸಿನಲ್ಲಿ. 1925ರ ಫೆಬ್ರವರಿ 3ರಂದು ದೇಶದ ಮೊದಲ ವಿದ್ಯುತ್ ರೈಲು ಕುರ್ಲಾಕ್ಕೆ ಹೊರಟದ್ದೂ ಇಲ್ಲಿಂದಲೇ. ಆ ಹಳೆಯ ಡಿಸಿ ವಿದ್ಯುತ್ತಿನ ಕೊನೆಯ ಲೋಕಲ್ 2016ರ ಏಪ್ರಿಲ್ 9ರ ರಾತ್ರಿ ಕುರ್ಲಾದಿಂದ ಇಲ್ಲಿಗೆ ಬಂದಾಗ ಕ್ಯಾಮೆರಾಗಳಿಗೆ ಕೊರತೆ ಇರಲಿಲ್ಲ. ಮೊದಲನೆಯದಕ್ಕೂ ಕೊನೆಯದಕ್ಕೂ ಜನ ಸೇರುತ್ತಾರೆ. ವರ್ಷವರ್ಷವೂ ಬಂದು ಹೋಗುವುದಕ್ಕೆ ಯಾರೂ ನಿದ್ದೆಗೆಡುವುದಿಲ್ಲ. ಮ್ಯಾರಥಾನಿನ ದಿನ ಫೋಟೋಗ್ರಾಫರುಗಳೆಲ್ಲ ಮರೀನ್ ಡ್ರೈವಿನಲ್ಲಿ, ಬಾಂದ್ರಾ–ವರ್ಲಿ ಸೇತುವೆಯ ಮೇಲೆ, ಸಿನಿಮಾ ತಾರೆಯರ ಹಿಂದೆ.

ನಾಲ್ಕೂವರೆಗೆ ಗಾಡಿ ಟರ್ಮಿನಸ್ ತಲುಪುತ್ತದೆ. ನಂಬರಿನವರು ಇಳಿದು ಹೊರಬಾಗಿಲ ಕಡೆ ನಡೆಯುತ್ತಾರೆ. ಕೆಲವರು ಈಗಾಗಲೇ ಸಣ್ಣಗೆ ಓಡುತ್ತಿರುತ್ತಾರೆ. ಸೂರ್ಯ ಹುಟ್ಟಲು ಇನ್ನೂ ಎರಡೂವರೆ ಗಂಟೆ ಇದೆ.