ಕಾಣದ ನೀರಿನ ಹುಡುಕಾಟ: ಅಲ್-ಕರಜಿಯಿಂದ ನಮ್ಮೂರ ಬೋರ್‌ವೆಲ್‌ವರೆಗೆ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ನೀವು ಯಾವ ಕಡೆ ಹೊರಟರೂ ಬಂಡೆ ಕಣ್ಣಿಗೆ ಬೀಳದೆ ಇರದು. ರಾಮದೇವರ ಬೆಟ್ಟ, ಸಾವನದುರ್ಗ, ಕಬ್ಬಾಳದುರ್ಗಗಳನ್ನು ನೀವು ನೋಡಿಯೇ ಇರುತ್ತೀರಿ. ಟಿಪ್ಪು ಸುಲ್ತಾನರ ಕಾಲದಲ್ಲಿ ಶಂಸೇರಾಬಾದ್ ಎನಿಸಿದ್ದ ರಾಮನಗರಕ್ಕೆ ಆ ಬಳಿಕ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಅವರಿಂದಾಗಿ ಕ್ಲೋಸ್‌ಪೇಟೆ ಎಂಬ ಹೆಸರು ಬಂತು. ಊರಿನ ಆ ಹೆಸರು ಅಳಿದರೂ ಕಲ್ಲಿನಲ್ಲಿ ಉಳಿದಿದೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಇಲ್ಲಿನ ಶಿಲೆಯನ್ನು ಪ್ರಪಂಚದ ಭೂವಿಜ್ಞಾನಿಗಳು ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಕರೆಯುತ್ತಾರೆ.

ಈ ಶಿಲೆ ನೋಡಲು ಚೆಂದ, ಆದರೆ ನೀರಿನ ವಿಷಯದಲ್ಲಿ ಜಿಪುಣ. ಮರಳುಗಲ್ಲಿನಂತೆ ಇದು ನೀರನ್ನು ಹೀರಿಕೊಂಡು ಇಟ್ಟುಕೊಳ್ಳುವುದಿಲ್ಲ. ಮೇಲಿನ ಮಣ್ಣು, ಅದರ ಕೆಳಗೆ ಸವೆದು ಪುಡಿಯಾದ ಕಲ್ಲು, ಅದಕ್ಕೂ ಕೆಳಗೆ ಬಂಡೆಯ ಬಿರುಕುಗಳು, ಇಷ್ಟರಲ್ಲೇ ನೀರು ನಿಲ್ಲಬೇಕು. ಹಿಂದೆ ತೆರೆದ ಬಾವಿಗಳು ಪುಡಿಗಲ್ಲಿನ ನೀರನ್ನೇ ನಂಬಿದ್ದವು. ಅವು ಬತ್ತಿದ ಮೇಲೆ ಕೊಳವೆಬಾವಿಗಳು ಬಂದವು. ಹಿಪ್ಪುನೇರಳೆ ಬೆಳೆದು ರೇಷ್ಮೆಗೂಡು ಮಾರಿ ಬದುಕುವ ಮನೆಗೆ ಒಂದು ಬೋರ್ ಫೇಲಾದರೆ ಅದು ಸಾಲ. ಎರಡನೆಯದೂ ಫೇಲಾದರೆ ಮಕ್ಕಳ ಓದಿಗೇ ಕುತ್ತು. ಹಾಗಾದರೆ ಕೊರೆಯುವ ಮೊದಲೇ ನೆಲದೊಳಗೆ ಏನಿದೆ ಎಂದು ತಿಳಿಯಲು ಸಾಧ್ಯವೇ? ಈ ಪ್ರಶ್ನೆಗೆ ಸಾವಿರ ವರ್ಷಗಳ ಇತಿಹಾಸವಿದೆ.

ಬಗ್ದಾದಿನಲ್ಲಿ ಬೀಜಗಣಿತದ ಮಹಾವಿದ್ವಾಂಸರೆನಿಸಿದ್ದ ಅಲ್-ಕರಜಿ, ಪರ್ಷಿಯಾದ ಗುಡ್ಡನಾಡಿಗೆ ಮರಳಿ, ಸುಮಾರು 1017ರಲ್ಲಿ ಗುಪ್ತ ಜಲವನ್ನು ಹೊರತೆಗೆಯುವ ಬಗ್ಗೆ ಅರಬ್ಬಿಯಲ್ಲಿ ಒಂದು ಗ್ರಂಥ ಬರೆದರು. ಬೆಟ್ಟ, ಮಣ್ಣು, ಗಿಡಗಳ ಗುರುತಿನಿಂದ ನೀರನ್ನು ಅಂದಾಜಿಸುವುದು, ಮಟ್ಟ ಅಳೆಯುವ ಉಪಕರಣಗಳು, ಕನಾತ್ ಎಂಬ ಸುರಂಗ ಕಾಲುವೆಯನ್ನು ತೋಡುವ ಬಗೆ ಇವೆಲ್ಲ ಅದರಲ್ಲಿವೆ. ಆ ಸುರಂಗ ವಿದ್ಯೆ ನಮ್ಮ ಕರ್ನಾಟಕಕ್ಕೂ ಬಂದಿದೆ. ಬಹಮನಿಗಳ ಕಾಲದಲ್ಲಿ ಬೀದರಿನ ನೌಬಾದ್ ಬಳಿ ತೋಡಿದ ಕರೇಜ್ ಅದಕ್ಕೆ ಸಾಕ್ಷಿ. ಅಲ್ಲಿ ಮೇಲೆ ನೀರು ಬಸಿಯುವ ಜಂಬಿಟ್ಟಿಗೆ ಕಲ್ಲು, ಕೆಳಗೆ ಗಟ್ಟಿ ಕರಿಕಲ್ಲು. ಪದರದ ಈ ಗುಣವನ್ನು ಅರಿತವರಿಂದ ಮಾತ್ರ ಅಂಥ ಕೆಲಸ ಸಾಧ್ಯ.

ಗುರುತುಗಳಿಂದ ಊಹಿಸುವುದನ್ನು ದಾಟಿ ನೆಲದೊಳಗನ್ನು ಅಳೆಯುವ ದಾರಿ ತೆರೆದದ್ದು ವಿದ್ಯುತ್ತಿನಿಂದ. 1830ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತಾಮ್ರದ ಗಣಿಗಳಲ್ಲಿ ರಾಬರ್ಟ್ ವೇರ್ ಫಾಕ್ಸ್ ಎಂಬವರು ಅದಿರಿನಲ್ಲಿ ಸಹಜವಾಗಿ ವಿದ್ಯುತ್ ಹರಿಯುವುದನ್ನು ಕಂಡರು. ಪ್ಯಾರಿಸ್ಸಿನ ಗಣಿ ವಿದ್ಯಾಲಯದ ಪ್ರಾಧ್ಯಾಪಕ ಕಾನ್ರಾಡ್ ಶ್ಲುಂಬರ್ಜೆ ತೊಟ್ಟಿಯೊಂದರಲ್ಲಿ ಪ್ರಯೋಗ ಮಾಡಿ, 1912ರಲ್ಲಿ ನಾರ್ಮಂಡಿಯ ಬಯಲಿನಲ್ಲಿ ನೆಲಕ್ಕೆ ತಾವೇ ವಿದ್ಯುತ್ ಹರಿಸಿ ಅಳೆದರು. 1915ರಲ್ಲಿ ಅಮೆರಿಕದ ಫ್ರಾಂಕ್ ವೆನ್ನರ್ ನಾಲ್ಕು ಗೂಟಗಳನ್ನು ಸಮ ಅಂತರದಲ್ಲಿ ನೆಡುವ ಕ್ರಮ ರೂಪಿಸಿದರು. ಇಂದಿಗೂ ಈ ಎರಡೂ ಕ್ರಮಗಳು ಇವರ ಹೆಸರಿನಲ್ಲೇ ನಡೆಯುತ್ತಿವೆ. ನಮ್ಮ ದೇಶದಲ್ಲಿ 1961ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, 1970ರಲ್ಲಿ ಕೇಂದ್ರ ಅಂತರ್ಜಲ ಮಂಡಳಿ ಹುಟ್ಟಿದ ಮೇಲೆ ಗಟ್ಟಿ ಬಂಡೆಯ ಸೀಮೆಗಳಲ್ಲೂ ಈ ವಿದ್ಯೆ ಬಳಕೆಗೆ ಬಂತು.

ವಿದ್ಯಾರ್ಥಿಗಳೇ, ನೀವು ಹತ್ತನೇ ತರಗತಿಯಲ್ಲಿ ಕಲಿಯುವ ಓಮ್ ನಿಯಮವೇ ಇದರ ತಳಹದಿ. ಒಂದೇ ಸಾಲಿನಲ್ಲಿ ನಾಲ್ಕು ಲೋಹದ ಗೂಟಗಳನ್ನು ನೆಡುತ್ತಾರೆ. ಹೊರಗಿನ ಎರಡರಿಂದ ನೆಲಕ್ಕೆ ವಿದ್ಯುತ್ ಹೋಗುತ್ತದೆ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಅದರಿಂದ ನೆಲದ ರೋಧಕತೆಯನ್ನು ಓಮ್-ಮೀಟರ್‌ಗಳಲ್ಲಿ ಲೆಕ್ಕ ಹಾಕುತ್ತಾರೆ. ಹೊರಗಿನ ಗೂಟಗಳನ್ನು ದೂರ ದೂರ ಸರಿಸಿದಷ್ಟೂ ವಿದ್ಯುತ್ ಆಳಕ್ಕೆ ಇಳಿಯುತ್ತದೆ, ಕೆಳಗಿನ ಪದರದ ಸುದ್ದಿ ತರುತ್ತದೆ. ಜೇಡಿಮಣ್ಣಿನ ರೋಧಕತೆ ಕೆಲವು ಹತ್ತುಗಳಷ್ಟು. ಪುಡಿಗಲ್ಲಿನದು ಹತ್ತುಗಳಿಂದ ನೂರರ ಆಸುಪಾಸು. ಬಿರುಕಿಲ್ಲದ ಗ್ರಾನೈಟಿನದು ಸಾವಿರಗಟ್ಟಲೆ.

ಆದರೆ ಒಂದು ಮಾತನ್ನು ಮರೆಯಬಾರದು. ಯಂತ್ರ ನೀರು ತೋರಿಸುವುದಿಲ್ಲ, ರೋಧಕತೆಯನ್ನು ಮಾತ್ರ ಹೇಳುತ್ತದೆ. ಅಂಕಿ ಕಡಿಮೆ ಬಂದರೆ ನೀರಿರಬಹುದು, ಬರೀ ಜೇಡಿಯೂ ಇರಬಹುದು. ಸಾವಿರ ಅಡಿ ಕೆಳಗಿನ ತೆಳುವಾದ ಬಿರುಕು ಮೇಲಿನಿಂದ ಅಳೆಯುವಾಗ ಗೊತ್ತಾಗದೆ ಹೋಗಬಹುದು. ಹತ್ತಿರದ ತಂತಿಬೇಲಿ, ಹೂತ ಪೈಪು ಅಳತೆಯನ್ನು ಕೆಡಿಸುತ್ತವೆ. ಆದ್ದರಿಂದ ಸುತ್ತಲಿನ ಬಾವಿಗಳ ಆಳ, ಇಳಿಜಾರು, ಬಂಡೆಯ ಬಿರುಕುಗಳ ದಿಕ್ಕು ಇವನ್ನೆಲ್ಲ ಸೇರಿಸಿ ಓದಬಲ್ಲ ಭೂವಿಜ್ಞಾನಿ ಬೇಕು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ಪಾಯಿಂಟ್ ನೋಡುವವರು ‘ಇಲ್ಲಿ ಖಂಡಿತ ನೀರಿದೆ’ ಎನ್ನುತ್ತಾರೆ. ಬಲ್ಲವರು ‘ಇಲ್ಲಿ ಸಾಧ್ಯತೆ ಹೆಚ್ಚು, ಅಲ್ಲಿ ಕಡಿಮೆ’ ಎನ್ನುತ್ತಾರೆ. ತನ್ನ ಮಿತಿಯನ್ನು ಒಪ್ಪುವುದರಿಂದಲೇ ವಿದ್ಯೆ ನಂಬಿಕೆಗೆ ಅರ್ಹವಾಗುತ್ತದೆ.

ಈ ಸಮೀಕ್ಷೆ ನೀರಿಗಷ್ಟೇ ಅಲ್ಲ, ನೆಲದೊಳಗಿನ ಅಪಾಯ ತಿಳಿಯಲೂ ಬೇಕು. ನಮ್ಮ ಸೀಮೆಯಲ್ಲಿ ಗ್ರಾನೈಟ್ ಸವೆಯುವಾಗ ಮಣ್ಣಿನ ನಡುವೆ ದೊಡ್ಡ ದೊಡ್ಡ ಗುಂಡುಗಳು ಉಳಿದುಬಿಡುತ್ತವೆ. ಪಾಯ ತೋಡುವವರು ಅಂಥ ಗುಂಡನ್ನೇ ತಳಬಂಡೆ ಎಂದು ತಿಳಿದರೆ ಕಟ್ಟಡದ ಒಂದು ಮೂಲೆ ಗುಂಡಿನ ಮೇಲೆ, ಇನ್ನೊಂದು ಸಡಿಲ ಮಣ್ಣಿನ ಮೇಲೆ ನಿಲ್ಲುತ್ತದೆ. ಮುಚ್ಚಿಹಾಕಿದ ಹಳೆಯ ಬಾವಿಯೂ ಅಷ್ಟೇ ಅಪಾಯಕಾರಿ. ಹತ್ತಾರು ಗೂಟಗಳನ್ನು ಸಾಲಾಗಿ ನೆಟ್ಟು ಕಂಪ್ಯೂಟರಿನಲ್ಲಿ ಚಿತ್ರ ತೆಗೆಯುವ ಇಂದಿನ ಕ್ರಮದಲ್ಲಿ ಇಂಥವನ್ನು ಮೊದಲೇ ಗುರುತಿಸಬಹುದು. ನೀರಿನಲ್ಲಿನ ಫ್ಲೋರೈಡನ್ನು ಮಾತ್ರ ಈ ಯಂತ್ರ ಹೇಳದು, ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು.

ಫೇಲಾದ ಬೋರಿನ ಅಪಾಯ ಇನ್ನೂ ದೊಡ್ಡದು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಪುಟ್ಟ ಮಗು ಸುಮಾರು 20 ಗಂಟೆಗಳ ಬಳಿಕ ಜೀವಂತವಾಗಿ ಹೊರಬಂತು. ಎಲ್ಲ ಮಕ್ಕಳಿಗೂ ಈ ಭಾಗ್ಯ ಸಿಕ್ಕಿಲ್ಲ. ಕೊರೆಯುವ 15 ದಿನ ಮೊದಲೇ ಅಧಿಕಾರಿಗಳಿಗೆ ತಿಳಿಸಬೇಕು, ಕೈಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಆದೇಶಿಸಿದೆ. ಸರಿಯಾದ ಸಮೀಕ್ಷೆಯಿಂದ ಒಂದು ವ್ಯರ್ಥ ಬೋರ್ ತಪ್ಪಿದರೂ ಒಂದು ಸಾಲ ತಪ್ಪಿತು, ಬಾಯಿ ತೆರೆದ ಒಂದು ಗುಂಡಿಯೂ ತಪ್ಪಿತು.

ಸಂಘದ ಸದಸ್ಯರಲ್ಲಿ ಒಂದು ವಿನಂತಿ. ಮಸೀದಿಗೋ ಮದರಸಕ್ಕೋ ಹಾಸ್ಟೆಲಿಗೋ ಬೋರ್ ಕೊರೆಸುವಾಗ, ಶಾಲೆಯ ಪಾಯ ತೋಡುವಾಗ, ಮೊದಲು ಅರ್ಹ ಭೂವಿಜ್ಞಾನಿಯಿಂದ ಸಮೀಕ್ಷೆ ಮಾಡಿಸಿ. ನಿಮ್ಮ ಜಮೀನಿನಲ್ಲಿ ಕೈಬಿಟ್ಟ ಬೋರ್ ಇದ್ದರೆ ಇಂದೇ ಮುಚ್ಚಿಸಿ. ವಿದ್ಯಾರ್ಥಿಗಳೇ, ಡಾಕ್ಟರ್, ಎಂಜಿನಿಯರ್ ಎಂಬ ಎರಡೇ ದಾರಿಗಳಿಲ್ಲ. ಭೂವಿಜ್ಞಾನ, ಭೂಭೌತ ವಿಜ್ಞಾನಗಳೂ ನಿಮಗಾಗಿ ಕಾದಿವೆ. ಬಾಯಾರಿದವರಿಗೆ ನೀರು ಕೊಡುವುದು ದೊಡ್ಡ ಸದಕಾ ಎಂದು ಹಿರಿಯರಿಂದ ಕೇಳುತ್ತ ಬೆಳೆದಿದ್ದೇವೆ. ಆ ನೀರು ಎಲ್ಲಿದೆ ಎಂದು ಪ್ರಾಮಾಣಿಕವಾಗಿ ಹೇಳಬಲ್ಲವನೂ ಆ ಪುಣ್ಯದಲ್ಲಿ ಪಾಲುದಾರನಲ್ಲವೇ?