ಪಾಲಿಟೆಕ್ನಿಕ್‌ನಿಂದ ಸ್ನಾತಕೋತ್ತರ ಪದವಿಗೆ: ಬೆಂಗಳೂರಿನ ಕೈಗಾರಿಕಾ ಅಂಚಿನ ಶಿಕ್ಷಣಪಥ

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮೂರು ವರ್ಷಗಳ ತಾಂತ್ರಿಕ ಶಿಕ್ಷಣ ನೀಡುವ ಪಾಲಿಟೆಕ್ನಿಕ್, ಉನ್ನತ ಪದವಿಯ ಹಾದಿಯಲ್ಲಿ ಕಡಿಮೆ ಖರ್ಚಿನ ಮೊದಲ ಮೆಟ್ಟಿಲಾಗಿ ಬೆಂಗಳೂರಿನಲ್ಲಿ ಬೇರೂರಿದ್ದರ ಹಿಂದೆ, 1943ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಆರಂಭವಾಗಿ ಇಂದು ಎಸ್.ಜೆ. ಪಾಲಿಟೆಕ್ನಿಕ್ ಎನಿಸಿಕೊಂಡಿರುವ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯ ಪಾತ್ರ ದೊಡ್ಡದು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡು ಲೇತ್, ಮಿಲ್ಲಿಂಗ್ ಯಂತ್ರಗಳ ಸಣ್ಣ ಘಟಕಗಳು ಹಬ್ಬತೊಡಗಿದಾಗ, ನಕ್ಷೆಯನ್ನು ಓದಬಲ್ಲ, ಯಂತ್ರವನ್ನೂ ನಡೆಸಬಲ್ಲ ಡಿಪ್ಲೊಮಾದವರೇ ಅವುಗಳಿಗೆ ಆಧಾರವಾದರು.

ಆದರೆ ಮೇಲಿನ ಹುದ್ದೆಗೆ ಪದವಿ ಬೇಕಾಗುತ್ತಿತ್ತು. ಹಗಲು ಕಾರ್ಖಾನೆಯಲ್ಲಿ ದುಡಿದು, ಸಂಜೆ 1917ರಲ್ಲಿ ಸ್ಥಾಪನೆಯಾದ ಯುವಿಸಿಇ ಎಂಜಿನಿಯರಿಂಗ್ ಕಾಲೇಜಿನ ಅರೆಕಾಲಿಕ ಬಿ.ಇ. ತರಗತಿಗೆ ಬಂದು ಕೂರುತ್ತಿದ್ದವರ ಛಲಕ್ಕೆ ನಗರದ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ. ಡಿಪ್ಲೊಮಾ ಪಡೆದವರನ್ನು ಪ್ರವೇಶ ಪರೀಕ್ಷೆಯ ಮೂಲಕ ನೇರವಾಗಿ ಎರಡನೆಯ ವರ್ಷದ ಬಿ.ಇ.ಗೆ ಸೇರಿಸಿಕೊಳ್ಳುವ ‘ಲ್ಯಾಟರಲ್ ಎಂಟ್ರಿ’ ವ್ಯವಸ್ಥೆಯಿಂದ ಈ ದಾರಿ ಹಗಲಿನ ಕಾಲೇಜುಗಳಿಗೂ ತೆರೆದುಕೊಂಡಿತು. ಅಲ್ಲಿಂದ ಮುಂದೆ ಗೇಟ್ ಪರೀಕ್ಷೆ ಬರೆದು ಎಂ.ಟೆಕ್. ಸೇರಬಹುದು.

ಐಟಿ ವಲಯದಲ್ಲೂ ಇದಕ್ಕೆ ಸಮೀಪದ ಕ್ರಮವೊಂದು ಬೆಳೆಯಿತು: ವಿಪ್ರೊ 1995ರಿಂದ ಬಿ.ಎಸ್ಸಿ. ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು, ದುಡಿಯುತ್ತಲೇ ಪಿಲಾನಿಯ ಬಿಟ್ಸ್ ಸಂಸ್ಥೆಯ ಎಂ.ಎಸ್. ಪದವಿ ಪಡೆಯಲು ಅವಕಾಶ ಕಲ್ಪಿಸಿತು. 1999ರಲ್ಲಿ ವೈಟ್‌ಫೀಲ್ಡ್‌ನ ಐಟಿಪಿಎಲ್ ಟೆಕ್ ಪಾರ್ಕ್‌ನಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ 2003ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಸ್ಥಳಾಂತರಗೊಂಡಾಗ, ಸ್ನಾತಕೋತ್ತರ ವ್ಯಾಸಂಗವೇ ಕೈಗಾರಿಕಾ ಪ್ರದೇಶದೊಳಗೆ ನೆಲೆಯೂರಿತು.