ಅಪ್ಪನ ಶಾಲು ಮತ್ತು ಬಾರ್ಶಿ ರೈಲಿನ ಲೆಕ್ಕ

ಮೊನ್ನೆ ಕ್ಯಾಲಿಫೋರ್ನಿಯಾದಿಂದ ಗೆಳೆಯ ಫೋನ್ ಮಾಡಿದ್ದ. ಲಕ್ಷ್ಮೇಶ್ವರದವನು, ನನ್ನ ಜೊತೆ ಓದಿದವನು. ಕೆಲಸ ಹೋಯಿತಂತೆ. "ಏನ್ ಕೊಟ್ರು?" ಅಂದೆ. "ಎಂಟು ವಾರದ ಪಗಾರ. ಅದೂ ಅವರ ದೊಡ್ಡ ಮನಸ್ಸು ನೋಡಪಾ, ಕಾಯ್ದೆ ಪ್ರಕಾರ ಕೊಡಬೇಕಂತೇನಿಲ್ಲ" ಅಂದ.

ಹೌದು. ಅಮೆರಿಕದ ಒಕ್ಕೂಟ ಸರಕಾರದ ಕಾಯ್ದೆಯಲ್ಲಿ ಪರಿಹಾರ ಅನ್ನುವುದೇ ಇಲ್ಲ. 1988ರಲ್ಲಿ ಒಂದು ಕಾಯ್ದೆ ಬಂತು, ಅದೂ ನೋಟಿಸಿನದ್ದು ಮಾತ್ರ: ನೂರು ಅಥವಾ ಹೆಚ್ಚು ಜನರಿರುವ ಕಂಪನಿ ದೊಡ್ಡ ಪ್ರಮಾಣದಲ್ಲಿ ಜನರನ್ನು ತೆಗೆಯುವಾಗ 60 ದಿನ ಮೊದಲು ತಿಳಿಸಬೇಕು. ಫೋನ್ ಇಟ್ಟ ಮೇಲೆ ನನಗೆ ನೆನಪಾದದ್ದು ಅಪ್ಪ.

ಅಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ 22 ವರ್ಷ ಮೊಳೆ ಜೋಡಿಸಿದವರು. ಆಫ್‌ಸೆಟ್ ಬಂತು, ಮೊಳೆಗಳು ತೂಕಕ್ಕೆ ಹೋದವು. ಮಾಲೀಕರು ಒಂದು ಸಂಜೆ ಅಪ್ಪನಿಗೆ ಶಾಲು ಹೊದಿಸಿ, ಒಂದು ತಿಂಗಳ ಪಗಾರ ಕೈಗಿಟ್ಟು ಕಳಿಸಿದರು. ಅಪ್ಪ ಅದನ್ನು ಮರ್ಯಾದೆ ಅಂತಲೇ ತಿಳಿದುಕೊಂಡರು. ನಾನು ಆಗ ಆರನೇ ಇಯತ್ತೆ.

ಎಷ್ಟೋ ವರ್ಷಗಳ ಮೇಲೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಓದಿದಾಗ 25-ಎಫ್ ಕಲಮು ಕಣ್ಣಿಗೆ ಬಿತ್ತು. ಒಂದು ವರ್ಷಕ್ಕಿಂತ ಕಡಿಮೆಯಿಲ್ಲದೆ ದುಡಿದವನನ್ನು ತೆಗೆದರೆ ಒಂದು ತಿಂಗಳ ನೋಟಿಸು ಅಥವಾ ಅಷ್ಟು ಪಗಾರ, ಜೊತೆಗೆ ಪ್ರತಿ ವರ್ಷಕ್ಕೆ 15 ದಿನದ ಪಗಾರ. ಅಪ್ಪನದು 330 ದಿನ! ಪ್ರೆಸ್ಸಿನಲ್ಲಿ ಇದ್ದದ್ದು ಎಂಟೇ ಮಂದಿ. 1972ರ ಗ್ರಾಚ್ಯುಯಿಟಿ ಕಾಯ್ದೆಗೆ ಹತ್ತು ಜನ ಬೇಕು, ಅದು ಬಿಡಿ. ಆದರೆ 25-ಎಫ್‌ಗೆ ತಲೆ ಎಣಿಕೆ ಇರಲಿಲ್ಲ.

ಈ 15 ದಿನದ ಲೆಕ್ಕ ಹುಟ್ಟಿದ್ದು ಬಟ್ಟೆಯಿಂದ. 1953ರಲ್ಲಿ ಗಿರಣಿಗಳಲ್ಲಿ ಮಾಲು ಮಾರಾಟವಾಗದೆ ರಾಶಿ ಬಿದ್ದಿತ್ತು, ಸಾವಿರಾರು ಜನರನ್ನು ಮನೆಗೆ ಕಳಿಸುವ ಭಯ. ಅಕ್ಟೋಬರ್ 24ರಿಂದ ಜಾರಿಗೆ ಬರುವಂತೆ ಸುಗ್ರೀವಾಜ್ಞೆ ಹೊರಟಿತು, ಆಮೇಲೆ ಅದೇ ಕಾಯ್ದೆಯಾಯಿತು. (ನಾವು ಈಗ ಎಲ್ಲದಕ್ಕೂ ಲೇಆಫ್ ಅಂತೀವಲ್ಲ, ಈ ಕಾಯ್ದೆಯ ಲೇಆಫ್ ಬೇರೆ. ಅದು ತಾತ್ಕಾಲಿಕ, ಅರ್ಧ ಪಗಾರದ್ದು. ಪೂರ್ತಿ ತೆಗೆಯುವುದು ರಿಟ್ರೆಂಚ್‌ಮೆಂಟ್.)

ಅದರ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಮಿರಜಿಗೆ ಬರುತ್ತಿದ್ದ ಬಾರ್ಶಿ ಲೈಟ್ ರೈಲ್ವೆಯಲ್ಲಿ. ಮಿರಜ ಅಂದರೆ ನಮಗೆ ದೂರದ್ದಲ್ಲ. 1948ರ ತನಕ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದ್ದು, ಗದಗ-ಬೆಟಗೇರಿ ಮತ್ತು ಮುಂಡರಗಿ ಬ್ರಿಟಿಷರ ಮುಂಬಯಿ ಪ್ರಾಂತದ್ದು. ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋದರೆ ಸರಕಾರವೇ ಬೇರೆ! ದೇಶದಿಂದ ದೇಶಕ್ಕೆ ಕಾಯ್ದೆ ಬೇರೆ ಅಂತ ನಾವು ಬೆರಗಾಗಬೇಕಿಲ್ಲ, ನಮ್ಮ ಅಜ್ಜಂದಿರಿಗೆ ಚಕ್ಕಡಿ ದಾರಿಯಲ್ಲೇ ಬೇರೆ ಇತ್ತು.

ಸರಿ, ಬಾರ್ಶಿಗೆ ಬರೋಣ. 1954ರ ಜನವರಿ 1ರಿಂದ ಸರಕಾರ ಆ ರೈಲನ್ನು ಕಂಪನಿಯಿಂದ ತೆಗೆದುಕೊಂಡಿತು. ಅದಕ್ಕೂ ಮೊದಲೇ ಕಂಪನಿ ಎಲ್ಲರಿಗೂ ನೋಟಿಸು ಕೊಟ್ಟಿತ್ತು, ಡಿಸೆಂಬರ್ 31ಕ್ಕೆ ನಿಮ್ಮ ಚಾಕರಿ ಮುಗಿಯಿತು ಅಂತ. ಬಹಳಷ್ಟು ಜನರನ್ನು ಸರಕಾರವೇ ಮತ್ತೆ ಸೇರಿಸಿಕೊಂಡಿತು. ಆದರೂ ಅಷ್ಟು ವರ್ಷ ದುಡಿದದ್ದರ ಪರಿಹಾರ ಕೊಡಿ ಅಂತ ಕೆಲಸಗಾರರು ಕೇಳಿದರು. 1956ರ ನವೆಂಬರ್ 27ರಂದು ಸುಪ್ರೀಂ ಕೋರ್ಟು ಇಲ್ಲ ಅಂತು. ನಡೆಯುತ್ತಿರುವ ಧಂದೆಯಲ್ಲಿ ಹೆಚ್ಚಾದ ಜನರನ್ನು ತೆಗೆಯುವುದು ರಿಟ್ರೆಂಚ್‌ಮೆಂಟ್, ಧಂದೆಯೇ ನಿಂತರೆ ಅಲ್ಲ. ಅಕ್ಷರ ಹಿಡಿದು ನೋಡಿದರೆ ತಪ್ಪೂ ಅಲ್ಲ ಬಿಡಿ. ಆದರೆ ನಾಲ್ಕು ಜನರನ್ನು ತೆಗೆದರೆ ಪರಿಹಾರ, ಬಾಗಿಲು ಹಾಕಿ ನಾನೂರು ಜನರನ್ನು ಕಳಿಸಿದರೆ ಏನೂ ಇಲ್ಲ ಅಂದಂಗಾಯ್ತು. 1957ರಲ್ಲಿ ಸಂಸತ್ತು ಕಾಯ್ದೆ ತಿದ್ದಿ ಮುಚ್ಚಿದವರೂ ಕೊಡಬೇಕು ಅಂತ ಮಾಡಿತು.

ಬ್ರಿಟನ್ನಿನಲ್ಲಿ ಇಂಥ ಪರಿಹಾರದ ಕಾಯ್ದೆ ಬಂದದ್ದು 1965ರಲ್ಲಿ, ನಮಗಿಂತ ಹನ್ನೆರಡು ವರ್ಷ ತಡವಾಗಿ. ಅಲ್ಲಿ ವಯಸ್ಸಿನ ಮೇಲೆ ವರ್ಷಕ್ಕೆ ಅರ್ಧ, ಒಂದು, ಒಂದೂವರೆ ವಾರ. ಶ್ರೀಲಂಕಾ 1971ರಲ್ಲಿ ಸರಕಾರದ ಅಪ್ಪಣೆ ಬೇಕು ಅಂತ ಮಾಡಿತು. 2005ರ ಅಲ್ಲಿನ ಸೂತ್ರದಲ್ಲಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಎರಡೂವರೆ ತಿಂಗಳು. ನಮ್ಮಲ್ಲಿ ಅಪ್ಪಣೆಯ ಕಟ್ಟು ಬಂದದ್ದು 1976ರಲ್ಲಿ, 300 ಜನರ ಮೇಲಿನ ಕಾರ್ಖಾನೆಗಳಿಗೆ. ಆಮೇಲೆ 100ಕ್ಕೆ ಇಳಿಯಿತು, 2025ರ ನವೆಂಬರಿನಲ್ಲಿ ಜಾರಿಯಾದ ಹೊಸ ಸಂಹಿತೆಯಲ್ಲಿ ತಿರುಗಿ 300. ಹದಿನೈದು ದಿನ ಮಾತ್ರ ಹಾಗೇ ಇದೆ.

ಬೆಟಗೇರಿಯ ನೇಕಾರರ ಮಾತು ಇಲ್ಲೆಲ್ಲೂ ಬರುವುದಿಲ್ಲ. ಮನೆಯಲ್ಲೇ ಮಗ್ಗ, ನೂಲು ಸಾಹುಕಾರರದ್ದು. ನೂಲು ಕೊಡುವುದು ನಿಂತರೆ ಕೆಲಸ ನಿಂತಿತು. ಕೆಲಸದಿಂದ ತೆಗೆದರು ಅನ್ನುವುದಕ್ಕೆ ಚೀಟಿ ಎಲ್ಲಿಂದ ತರಬೇಕು?

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. 330 ದಿನದ ಲೆಕ್ಕವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ರೇಲ್ವೆದವರಿಗೆ ಕಡೀಕ ಸಿಕ್ತೇನು?" ಅಂದರು.

ಇಲ್ಲ. ತಿದ್ದುಪಡಿ ಲಾಗೂ ಆದದ್ದು 1956ರ ನವೆಂಬರ್ 28ರಿಂದ, ತೀರ್ಪಿನ ಮರುದಿನದಿಂದ.

"ಹಂಗಾರ ನನಗ ಶಾಲರೆ ಬಂತು" ಅಂದರು.